ಒಂದು ನೇಮಕಾತಿ ಪತ್ರ, ಇಬ್ಬರು ಶಿಕ್ಷಕರು

ಕರಾವಳಿಯಲ್ಲಿ ಬಾಸೆಲ್ ಮಿಷನ್ ಎಂದೊಡನೆ ಜನರ ನೆನಪಿಗೆ ಬರುವುದು ಹೆಂಚು, ಖಾಕಿ ಬಟ್ಟೆ, ಮುದ್ರಣಾಲಯ ಮತ್ತು ಕಿಟ್ಟೆಲ್ ನಿಘಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಸಂಸ್ಥೆಯ ಕುರಿತು ನಮ್ಮಲ್ಲಿ ಬರಹಗಳಿಗೇನೂ ಕೊರತೆಯಿಲ್ಲ. ಆದರೆ ಅದೇ ಸಂಸ್ಥೆ ನಮ್ಮ ಕಡೆಗೆ ಬರುವ ಆರು ವರ್ಷ ಮೊದಲೇ, 1828ರಲ್ಲಿ, ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೂ ತನ್ನ ಜನರನ್ನು ಕಳುಹಿಸಿತ್ತು ಎಂಬುದು ಇಲ್ಲಿ ಅಷ್ಟಾಗಿ ಪರಿಚಿತವಲ್ಲ. ಇಂದಿನ ಘಾನಾ ದೇಶವೇ ಅಂದಿನ ಗೋಲ್ಡ್ ಕೋಸ್ಟ್. ಮಂಗಳೂರಿನಿಂದ ಹೋದ ಪತ್ರಗಳೂ ಅಕ್ರೊಪಾಂಗ್ ಎಂಬ ಗುಡ್ಡದ ಊರಿನಿಂದ ಹೋದ ಪತ್ರಗಳೂ ಸ್ವಿಟ್ಜರ್ಲೆಂಡಿನ ಒಂದೇ ಊರಿನ ಒಂದೇ ಮೇಜಿನ ಮೇಲೆ ತೆರೆಯಲ್ಪಡುತ್ತಿದ್ದವು. ಅವಕ್ಕೆ ಉತ್ತರ ಬರೆಯುತ್ತಿದ್ದುದೂ ಒಂದೇ ಸಮಿತಿ. ನಮಗೆ ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟರೆ, ಅಲ್ಲಿಯವರಿಗೆ ಕ್ರಿಸ್ಟಾಲರ್ ಎಂಬಾತ 1881ರಲ್ಲಿ ಟ್ವಿ ಭಾಷೆಯ ನಿಘಂಟನ್ನು ಕೊಟ್ಟಿದ್ದ. ಇಬ್ಬರೂ ಒಂದೇ ಸಂಸ್ಥೆಯ ಜರ್ಮನರು.

ನನಗೆ ಇದು ತಿಳಿದದ್ದು ಗ್ರಂಥಾಲಯದಲ್ಲಿ ಕುಳಿತಲ್ಲ. 1974ರಿಂದ 1984ರವರೆಗೆ ನಾನೂ ನನ್ನ ಪತ್ನಿಯೂ ಘಾನಾದ ಅಕುವಾಪೆಮ್ ಗುಡ್ಡಸಾಲಿನ ಒಂದು ಕ್ರೈಸ್ತ ವಸತಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದೆವು. ನಾನು ಭೌತಶಾಸ್ತ್ರ ಮತ್ತು ಗಣಿತ, ಅವಳು ಜೀವಶಾಸ್ತ್ರ. ಸಾಫ್ಟ್‌ವೇರ್ ಎಂಬ ಶಬ್ದ ನಮ್ಮ ಮನೆಗಳನ್ನು ಪ್ರವೇಶಿಸುವುದಕ್ಕೆ ಬಹಳ ಮೊದಲು ದಕ್ಷಿಣ ಭಾರತದಿಂದ ಇಥಿಯೋಪಿಯ, ನೈಜೀರಿಯ, ಘಾನಾ, ಜಾಂಬಿಯಗಳಿಗೆ ಹೋದವರಲ್ಲಿ ನಮ್ಮಂತಹ ಶಾಲಾ ಶಿಕ್ಷಕರು ಬಹಳ. ಅವರಲ್ಲಿ ದಂಪತಿಗಳೂ ಅನೇಕ. ಅಮೆರಿಕಕ್ಕೆ ಹೋದವರ ಯಶೋಗಾಥೆಗಳನ್ನು ಬರೆಯುವ ನಮ್ಮ ಪತ್ರಿಕೆಗಳು ಆಫ್ರಿಕದ ಹಳ್ಳಿಗಳಲ್ಲಿ ಸೀಮೆಸುಣ್ಣ ಹಿಡಿದು ಹತ್ತು-ಇಪ್ಪತ್ತು ವರ್ಷ ಕಳೆದು ಬಂದ ಈ ಮೇಷ್ಟ್ರುಗಳನ್ನು ಅಷ್ಟಾಗಿ ಗಮನಿಸಿಲ್ಲ. ಗಮನಿಸಬೇಕೆಂಬ ಹಟವೂ ನನಗಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ: ಪರದೇಶದ ಕ್ರೈಸ್ತ ಶಾಲೆಗಳು ಶಿಕ್ಷಕ ದಂಪತಿಗಳನ್ನು ಏಕೆ ಅಷ್ಟು ಇಷ್ಟಪಡುತ್ತವೆ, ಮತ್ತು ಆ ಇಷ್ಟದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು.

ಈ ಕಥೆ ನಮ್ಮಿಂದ ಆರಂಭವಾದದ್ದಲ್ಲ. ಅದರ ಮೂಲ 1843ರಲ್ಲಿದೆ.

ಆ ಹೊತ್ತಿಗೆ ಗೋಲ್ಡ್ ಕೋಸ್ಟಿನಲ್ಲಿ ಬಾಸೆಲ್ ಮಿಷನ್ನಿನ ಸ್ಥಿತಿ ಶೋಚನೀಯವಾಗಿತ್ತು. ಹೋದವರಲ್ಲಿ ಹೆಚ್ಚಿನವರು ಜ್ವರಕ್ಕೆ ಬಲಿಯಾಗಿದ್ದರು. ಬದುಕುಳಿದ ಆಂಡ್ರಿಯಾಸ್ ರೀಸ್ ಎಂಬಾತ 1835ರಲ್ಲಿ ಕರಾವಳಿಯ ಸೆಖೆಯನ್ನು ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್‌ಗೆ ಏರಿದ್ದ. ಬಿಳಿಯರು ಮಾತ್ರ ಕ್ರೈಸ್ತರಾಗಲು ಸಾಧ್ಯ ಎಂಬ ಅಲ್ಲಿನವರ ಭಾವನೆಯನ್ನು ಹೋಗಲಾಡಿಸಲು ಕಪ್ಪು ವರ್ಣದ ಕ್ರೈಸ್ತ ಕುಟುಂಬಗಳನ್ನೇ ಕರೆತರುವುದೆಂದು ಬಾಸೆಲ್ಲಿನಲ್ಲಿ ತೀರ್ಮಾನವಾಯಿತು. ಜಮೈಕ ಮತ್ತು ಆಂಟಿಗುವ ದ್ವೀಪಗಳ ಮೊರೇವಿಯನ್ ಸಭೆಗಳಿಂದ ಸುಮಾರು 25 ಮಂದಿ, ಅವರಲ್ಲಿ ಹೆಚ್ಚಿನವರು ದಂಪತಿಗಳು ಮತ್ತು ಅವರ ಮಕ್ಕಳು, 1843ರ ಏಪ್ರಿಲ್‌ನಲ್ಲಿ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಎದುರಿನ ಮರಳಿನಲ್ಲಿ ಇಳಿದರು. ಆ ಕೋಟೆ ಆಗ ಡೇನರದು. 1850ರಲ್ಲಿ ಬ್ರಿಟಿಷರಿಗೆ ಮಾರಾಟವಾಯಿತು. ಸುತ್ತಲಿನ ಊರಿನ ಹೆಸರು ಒಸು, ಇಂದು ಅಕ್ರಾ ನಗರದ ಒಂದು ಭಾಗ.

ಹಾಗೆ ಇಳಿದವರಲ್ಲಿ ಹದಿನಾರು ವರ್ಷದ ಆಸುಪಾಸಿನ ಒಬ್ಬ ಶಿಕ್ಷಕಿಯಿದ್ದಳು, ಕ್ಯಾಥರೀನ್ ಮಲ್‌ಗ್ರೇವ್. ಹುಟ್ಟಿದ್ದು ಅಂಗೋಲದಲ್ಲಿ. 1833ರಲ್ಲಿ, ಇನ್ನೂ ಬಾಲೆಯಾಗಿದ್ದಾಗ, ಗುಲಾಮರ ವ್ಯಾಪಾರಿಗಳು ಅವಳನ್ನು ಹಿಡಿದು ಹಡಗಿಗೆ ಏರಿಸಿದರು. ಆ ಹಡಗು ಜಮೈಕದ ಬಳಿ ಒಡೆಯಿತು. ಬ್ರಿಟಿಷ್ ಆಡಳಿತ ಬದುಕುಳಿದವರನ್ನು ಬಿಡುಗಡೆ ಮಾಡಿತು. ಅಂದಿನ ಗವರ್ನರ್ ಮಲ್‌ಗ್ರೇವ್‌ನ ಪತ್ನಿ ಅವಳ ಪೋಷಣೆಗೆ ನಿಂತಳು, ಹೆಸರೂ ಅಲ್ಲಿಂದಲೇ ಬಂತು. ಮೊರೇವಿಯನ್ ಸಭೆಯ ಶಾಲೆಯಲ್ಲಿ ಓದಿ ಶಿಕ್ಷಕಿಯಾದಳು. ಆಫ್ರಿಕಕ್ಕೆ ಹೊರಡುವ ಮೊದಲು, ಲೈಬೀರಿಯದಲ್ಲಿ ಹುಟ್ಟಿ ಬಾಸೆಲ್ಲಿನಲ್ಲಿ ಕಲಿತಿದ್ದ ಜಾರ್ಜ್ ಥಾಂಪ್ಸನ್ ಎಂಬ ಶಿಕ್ಷಕನೊಂದಿಗೆ ಅವಳ ವಿವಾಹವಾಯಿತು. ಬಂದ ವರ್ಷವೇ ಒಸುವಿನಲ್ಲಿ ಗಂಡಹೆಂಡಿರು ಶಾಲೆ ತೆರೆದರು. ಅವಳ ಪಾಲಿಗೆ ಹೆಣ್ಣುಮಕ್ಕಳು ಬಂದರು. ಅಕ್ಷರ, ಲೆಕ್ಕ, ಹೊಲಿಗೆ, ಬೈಬಲ್ ಕಥೆಗಳು. ಮಿಷನ್ನಿನ ಕಲ್ಪನೆಯಲ್ಲಿ ಈ ದಂಪತಿಗಳು ಪಾಠ ಹೇಳುವವರಷ್ಟೇ ಅಲ್ಲ, ಪಾಠವೇ ಅವರು. ಕ್ರೈಸ್ತ ಸಂಸಾರ ಹೇಗಿರಬೇಕು ಎಂಬುದಕ್ಕೆ ಕಣ್ಣೆದುರಿನ ಮಾದರಿ.

ಮಾದರಿ ಬೇಗನೆ ಬಿರುಕು ಬಿಟ್ಟಿತು. ಥಾಂಪ್ಸನ್ನನ ನಡತೆಯಿಂದಾಗಿ ಅವನ ಕೆಲಸ ಹೋಯಿತು, 1849ರಲ್ಲಿ ವಿವಾಹವೂ ರದ್ದಾಯಿತು. ಇಬ್ಬರು ಮಕ್ಕಳ ತಾಯಿ ಒಸುವಿನಲ್ಲಿ ಶಾಲೆಯನ್ನು ಮುಂದುವರಿಸಿಕೊಂಡು ನಿಂತಳು. ಮರುವರ್ಷ ಯೊಹಾನ್ನೆಸ್ ಝಿಮ್ಮರ್‌ಮನ್ ಎಂಬ ಜರ್ಮನ್ ತರುಣ ಬಂದ. ಕಸುಬಿನಿಂದ ರೊಟ್ಟಿ ಸುಡುವವನು. ಆಮೇಲೆ ಮಿಷನ್ನಿನ ಶಿಕ್ಷಣ ಪಡೆದವನು. 1851ರಲ್ಲಿ ಅವನು ಕ್ಯಾಥರೀನಳನ್ನು ಮದುವೆಯಾದ. ಬಾಸೆಲ್ಲಿನ ಅನುಮತಿಗೆ ಕಾಯಲಿಲ್ಲ.

ಇದು ಎಷ್ಟು ದೊಡ್ಡ ಅಪರಾಧ ಎಂಬುದನ್ನು ತಿಳಿಯಲು ಆ ಸಂಸ್ಥೆಯ ವಿವಾಹ ನಿಯಮಗಳನ್ನು ನೋಡಬೇಕು. ತರುಣ ಮಿಷನರಿ ಅವಿವಾಹಿತನಾಗಿಯೇ ಹೊರಡಬೇಕು. ಪರದೇಶದಲ್ಲಿ ಕನಿಷ್ಠ ಎರಡು ವರ್ಷ ದುಡಿದ ಬಳಿಕ ಮದುವೆಗೆ ಅರ್ಜಿ ಹಾಕಬಹುದು. ವಧುವಿನ ನಡತೆ, ಆರೋಗ್ಯ, ದೈವಭಕ್ತಿಗಳನ್ನು ಸಮಿತಿ ವಿಚಾರಿಸಿ ಒಪ್ಪಬೇಕು. ಎಷ್ಟೋ ಸಲ ಹುಡುಕಿಕೊಡುವುದೂ ಸಮಿತಿಯೇ. ಆ ಹುಡುಗಿ ಎಂದೂ ಕಂಡಿರದ ಗಂಡನ ಬಳಿಗೆ ಹಡಗು ಹತ್ತಬೇಕು. ಮಂಗಳೂರು, ಧಾರವಾಡ, ಕಣ್ಣನೂರುಗಳಿಗೆ ಹೀಗೆ ಬಂದಿಳಿದ ಜರ್ಮನ್, ಸ್ವಿಸ್ ವಧುಗಳು ಎಷ್ಟೋ ಮಂದಿ. ಹಿರಿಯರು ನಿಶ್ಚಯಿಸಿದ ಮದುವೆ ಎಂದು ನಮ್ಮನ್ನು ಕಂಡು ಮೂಗು ಮುರಿಯುವ ಯುರೋಪಿಯನ್ನರಿಗೆ ನಾನು ಈ ಇತಿಹಾಸವನ್ನು ಸಂತೋಷದಿಂದ ಹೇಳಿದ್ದುಂಟು.

ಝಿಮ್ಮರ್‌ಮನ್ನನ ವಿಷಯದಲ್ಲಿ ಸಮಿತಿ ಕೊನೆಗೆ ಮದುವೆಯನ್ನು ಒಪ್ಪಿತು, ಆದರೆ ಷರತ್ತಿನೊಡನೆ. ಅವನು ತನ್ನನ್ನು ಆಫ್ರಿಕದವನೆಂದೇ ಭಾವಿಸಬೇಕು. ಹೆಂಡತಿ ಮಕ್ಕಳೊಂದಿಗೆ ಯುರೋಪಿಗೆ ಮರಳುವ ನಿರೀಕ್ಷೆ ಇಟ್ಟುಕೊಳ್ಳಕೂಡದು. ಅವನಿಗೆ ಅದರಿಂದ ಬೇಸರವಾದಂತಿಲ್ಲ. 1854ರಲ್ಲಿ, ತಲೆಗಂದಾಯವನ್ನು ವಿರೋಧಿಸಿದ ಜನರ ಮೇಲೆ ಬ್ರಿಟಿಷರು ಒಸುವಿನಲ್ಲಿ ಫಿರಂಗಿ ಹಾರಿಸಿದಾಗ, ಮಿಷನ್ನಿನ ನೆಲೆಯೇ ಒಳನಾಡಿನ ಅಬೊಕೊಬಿಗೆ ಸರಿಯಿತು. ಅಲ್ಲಿಂದ ಮುಂದೆ ಕ್ರೊಬೊ ಜನರ ಒಡುಮಾಸೆಗೆ ದಂಪತಿ ಹೋದರು. ಗಂಡ ಗಾ ಭಾಷೆಯ ವ್ಯಾಕರಣ ಬರೆದ, ಬೈಬಲನ್ನು ಗಾ ಭಾಷೆಗೆ ತಂದ. ಹೆಂಡತಿ ಹೋದಲ್ಲೆಲ್ಲ ಹೆಣ್ಣುಮಕ್ಕಳ ಶಾಲೆ ನಡೆಸಿದಳು. ವ್ಯಾಕರಣದ ಮುಖಪುಟದಲ್ಲಿ ಅವನ ಹೆಸರಿದೆ. ಸಾವಿರಾರು ದಿನಗಳ ಪಾಠಕ್ಕೆ ಮುಖಪುಟವಿಲ್ಲ.

ಇದಕ್ಕೆ ಸಂವಾದಿಯಾದ ಒಂದು ಮದುವೆ ನಮ್ಮ ಮಂಗಳೂರಿನಲ್ಲೂ ನಡೆಯಿತು. ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾಗಿ, ಬಾಸೆಲ್ಲಿಗೆ ಹೋಗಿ ಕಲಿತು, 1851ರಲ್ಲಿ ದೀಕ್ಷೆ ಪಡೆದು ಮರಳಿದ. ಮತಾಂತರದಿಂದಾಗಿ ಅವನ ಮೊದಲ ದಾಂಪತ್ಯ ಮುರಿದುಬಿದ್ದಿತ್ತು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಯುವತಿ ಅವನ ವಧುವಾಗಿ ಬಂದಳು, ಸಮಿತಿಯ ಒಪ್ಪಿಗೆಯಿಂದಲೇ. ಒಂದು ಕಡೆ ಬಿಳಿಯ ಗಂಡ, ಕಪ್ಪು ಹೆಂಡತಿ. ಇನ್ನೊಂದು ಕಡೆ ಕಂದು ಗಂಡ, ಬಿಳಿಯ ಹೆಂಡತಿ. ಎರಡನ್ನೂ ತೂಗಿ ನೋಡಿದ ತಕ್ಕಡಿ ಒಂದೇ. ಆ ಕಾಲದಲ್ಲಿ ಮಿಷನ್ನಿನ ಮುಖ್ಯಸ್ಥನಾಗಿದ್ದ ಜೋಸೆನ್‌ಹಾನ್ಸ್ 1851-52ರಲ್ಲಿ ನಮ್ಮ ಕರಾವಳಿಯನ್ನು ಸ್ವತಃ ಸುತ್ತಿ ನೋಡಿ ಹೋದವನು. ಈ ಎರಡು ಸಂಸಾರಗಳನ್ನು ಜೊತೆಗಿಟ್ಟು ಕನ್ನಡದಲ್ಲಿ ಯಾರಾದರೂ ಬರೆಯಬೇಕಿತ್ತು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ.

ನಮ್ಮ ಶಾಲೆಗೆ ಬರೋಣ. ದಪ್ಪ ಕಲ್ಲಿನ ಗೋಡೆ, ಆಳವಾದ ಜಗಲಿ, ಮರದ ಕಿಟಕಿ ಬಾಗಿಲು: ಗುಡ್ಡಸಾಲಿನ ಹಳೆಯ ಮಿಷನ್ ಕಟ್ಟಡಗಳನ್ನು ಕಂಡಾಗ ಬಲ್ಮಠದ ಗುಡ್ಡವೇ ನೆನಪಾಗುತ್ತಿತ್ತು. ವ್ಯತ್ಯಾಸವಿದ್ದುದು ಮಾಡಿನಲ್ಲಿ. ಅಲ್ಲಿ ತಗಡು, ಇಲ್ಲಿ ಹೆಂಚು. ಆಡಳಿತದ ವ್ಯವಸ್ಥೆಯೂ ದಕ್ಷಿಣ ಕನ್ನಡದ ಅನುದಾನಿತ ಶಾಲೆಗಳಂತೆಯೇ. ಸಂಬಳ ಸರ್ಕಾರದ್ದು, ಶಿಸ್ತು ಸಭೆಯದ್ದು. ಮೊದಲನೆಯ ಮಹಾಯುದ್ಧದಲ್ಲಿ, 1917ರ ಕೊನೆಗೆ, ಬ್ರಿಟಿಷರು ಬಾಸೆಲ್ಲಿನವರನ್ನು ಗೋಲ್ಡ್ ಕೋಸ್ಟಿನಿಂದ ಹೊರಹಾಕಿದ ಮೇಲೆ ಸ್ಕಾಟ್ಲೆಂಡಿನ ಸಭೆ ಶಾಲೆಗಳನ್ನು ವಹಿಸಿಕೊಂಡಿತು. ಆಮೇಲೆ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ. ನಮ್ಮ ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದದ್ದೂ ಅದೇ ಯುದ್ಧದ ಫಲ.

ಮುಂಜಾನೆಯ ಪ್ರಾರ್ಥನೆಗೆ ಶಿಕ್ಷಕರೆಲ್ಲ ಹಾಜರಿರಬೇಕು ಎಂಬುದು ನಿಯಮ. ನಾವು ಹಿಂದೂಗಳೆಂದು ವಿನಾಯಿತಿ ಕೇಳಬಹುದಿತ್ತು, ಕೇಳಲಿಲ್ಲ. ಮೊದಲ ವಾರವೇ ಟ್ವಿ ಭಾಷೆಯಲ್ಲಿ ಹಾಡಿದ ಒಂದು ಕೀರ್ತನೆಯ ಧಾಟಿ ಕೇಳಿ ನನಗೆ ಆಶ್ಚರ್ಯವಾಯಿತು. ಹಂಪನಕಟ್ಟೆಯಿಂದ ಮನೆಗೆ ನಡೆಯುವಾಗ ದೇವಾಲಯದ ಕಿಟಕಿಯಿಂದ ಅದೇ ಧಾಟಿ ಕನ್ನಡದಲ್ಲಿ ಕೇಳಿಬರುತ್ತಿತ್ತು. ಜರ್ಮನಿಯ ರಾಗ ಎರಡು ಕರಾವಳಿಗಳಲ್ಲಿ ಎರಡು ಭಾಷೆ ಕಲಿತಿತ್ತು. ಮತದ ವಿಚಾರದಲ್ಲಿ ನಮ್ಮನ್ನು ಯಾರೂ ಒತ್ತಾಯಿಸಲಿಲ್ಲ ಎಂಬುದನ್ನು ಸ್ಪಷ್ಟವಾಗಿ ದಾಖಲಿಸಬೇಕು. ನನ್ನ ಪತ್ನಿಯ ಹಣೆಯ ಕುಂಕುಮವನ್ನು ಕಂಡು ಹುಡುಗಿಯರು, ಅದು ಗಾಯವೋ ಕುಲದ ಗುರುತೋ ಎಂದು ಕೇಳಿದ್ದರು. "ಕುಲದ ಗುರುತು" ಎಂದಳು ಅವಳು. ಆ ವಿಚಾರ ಅಲ್ಲಿಗೇ ಮುಗಿಯಿತು. ಮುಖದ ಮೇಲೆ ಕುಲದ ಗೀರು ಇರುವ ಜನ ಬದುಕಿದ್ದ ಊರಿನಲ್ಲಿ ಅದು ಸಮರ್ಪಕವಾದ ಉತ್ತರವೇ.

ವಿಚಿತ್ರವೆಂದರೆ ಭಾಷೆಯ ನಿಯಮ. ಟ್ವಿ ಭಾಷೆಗೆ ಲಿಪಿಯ ಶಿಸ್ತು, ನಿಘಂಟು, ವ್ಯಾಕರಣ ಕೊಟ್ಟ ಮಿಷನ್ನಿನ ವಾರಸುದಾರ ಶಾಲೆಯಲ್ಲೇ, ನಮ್ಮ ಕಾಲಕ್ಕೆ, ಮಕ್ಕಳು ಟ್ವಿ ಮಾತಾಡಿದರೆ ಶಿಕ್ಷೆ. ಇಂಗ್ಲಿಷ್ ಮಾತ್ರ. ಮಂಗಳೂರಿನ ಕೆಲವು ಶಾಲೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೇಮಕಾತಿಯ ವಿಷಯ. ಪತ್ರ ಬಂದದ್ದು ನನ್ನ ಹೆಸರಿಗೆ. ವಿಮಾನದ ಟಿಕೆಟ್, ಮನೆ, ಒಪ್ಪಂದದ ಅವಧಿ ಮುಗಿದಾಗ ಕೊಡುವ ಇಡಿಗಂಟು, ಸಂಬಳದ ಒಂದು ಪಾಲನ್ನು ಊರಿಗೆ ಕಳುಹಿಸುವ ಅವಕಾಶ ಎಲ್ಲವೂ ಅದರಲ್ಲಿತ್ತು. ಪತ್ನಿ "ಅವಲಂಬಿತೆ". ಎಂ.ಎಸ್ಸಿ. ಮಾಡಿ ಊರಿನಲ್ಲಿ ಮೂರು ವರ್ಷ ಪಾಠ ಹೇಳಿದ್ದ ಅವಳು ನೌಕರಿಗೆ ರಾಜೀನಾಮೆ ಕೊಟ್ಟು ಬಂದಿದ್ದಳು. ಶಾಲೆಯಲ್ಲಿ ಜೀವಶಾಸ್ತ್ರಕ್ಕೆ ಯಾರೂ ಇರಲಿಲ್ಲ. ಎರಡನೆಯ ವಾರದಿಂದ ಅವಳು ತರಗತಿಗೆ ಹೋಗತೊಡಗಿದಳು. ಮೊದಲ ಅವಧಿಗೆ ಸಂಬಳವಿಲ್ಲ. ಕಾಗದಪತ್ರ ಆಗಬೇಕಷ್ಟೇ ಎಂದರು. ಕಾಗದಪತ್ರ ಆದಾಗ ತಿಳಿದದ್ದು, ಅವಳನ್ನು ಸ್ಥಳೀಯ ನೇಮಕಾತಿ ಎಂದು ಪರಿಗಣಿಸಲಾಗಿದೆ ಎಂದು. ಇಡಿಗಂಟಿಲ್ಲ, ಪ್ರಯಾಣವೆಚ್ಚವಿಲ್ಲ, ಊರಿಗೆ ಹಣ ಕಳುಹಿಸುವ ಹಕ್ಕಿಲ್ಲ. ನನಗಿಂತ ಹೆಚ್ಚು ತರಗತಿಗಳನ್ನು ತೆಗೆದುಕೊಳ್ಳುತ್ತಿದ್ದವಳಿಗೆ ಕೈಗೆ ಬರುತ್ತಿದ್ದುದು ಅರ್ಧಕ್ಕಿಂತ ಕಡಿಮೆ. ನೇಮಕಾತಿಯ ಕಚೇರಿಗೆ ನಾನು ಬರೆದ ಮೂರು ಪತ್ರಗಳಿಗೆ ಒಂದು ಉತ್ತರ ಬಂತು. "ಗಂಡನ ನೆಲೆಯೇ ಹೆಂಡತಿಯ ನೆಲೆ" ಎಂಬುದು ಅದರ ಸಾರಾಂಶ. ನೈಜೀರಿಯ, ಜಾಂಬಿಯಗಳಲ್ಲಿದ್ದ ನಮ್ಮ ಪರಿಚಿತ ದಂಪತಿಗಳಿಂದಲೂ ಇದೇ ರಾಗ ಕೇಳಿದ್ದೇನೆ. ಕ್ಯಾಥರೀನಳ ಕಾಲದಿಂದ ನಮ್ಮ ಕಾಲಕ್ಕೆ ನೂರಮೂವತ್ತು ವರ್ಷ. ಲೆಕ್ಕ ಹಾಕುವ ಕ್ರಮ ಮಾತ್ರ ಬದಲಾಗಿರಲಿಲ್ಲ.

ದಂಪತಿಗಳನ್ನು ಇಂತಹ ಶಾಲೆಗಳು ಬಯಸುವುದಕ್ಕೆ ಹಣದ ಉಳಿತಾಯವೊಂದೇ ಕಾರಣವಲ್ಲ. ಒಂಟಿ ಶಿಕ್ಷಕ ರಜೆ ಬಂದೊಡನೆ ಪಟ್ಟಣಕ್ಕೆ ಓಡುತ್ತಾನೆ, ಒಪ್ಪಂದ ಮುಗಿದೊಡನೆ ಹೊರಡುತ್ತಾನೆ. ಸಂಸಾರಸ್ಥ ಬೇರು ಬಿಡುತ್ತಾನೆ. ವಸತಿ ಶಾಲೆಯಲ್ಲಿ ಗಂಡಹೆಂಡಿರಿಗೆ ಬಿಡುವು ಎಂಬುದಿಲ್ಲ. ನಮ್ಮ ಊಟದ ಕೋಣೆ ಜ್ವರ ಬಂದ ಮಕ್ಕಳ ಕೊಠಡಿ, ಪರೀಕ್ಷೆಯ ಉತ್ತರಪತ್ರಿಕೆಗಳ ಉಗ್ರಾಣ, ಮೊದಲ ಬಾರಿ ಮುಟ್ಟಾದ ಹುಡುಗಿ ಓಡಿಬರುವ ಜಾಗ ಎಲ್ಲವೂ ಆಗಿತ್ತು. ಭಾನುವಾರ ಮಧ್ಯಾಹ್ನ ಹಿರಿಯ ಹುಡುಗಿಯರು ಬಂದು ಕುಳಿತು ನಮ್ಮ ಸಂಸಾರವನ್ನು ನೋಡುತ್ತಿದ್ದರು. ಅಕ್ಷರಶಃ ನೋಡುತ್ತಿದ್ದರು. ಯಾರು ಅಡುಗೆ ಮಾಡುತ್ತಾರೆ, ಯಾರು ಮೊದಲು ಉಣ್ಣುತ್ತಾರೆ, ಇವರಿಬ್ಬರೂ ಜಗಳವಾಡುತ್ತಾರೆಯೇ ಎಂದು. ಒಮ್ಮೆ ಮುಖ್ಯೋಪಾಧ್ಯಾಯರು ಪೋಷಕರ ಸಭೆಯಲ್ಲಿ ನಮ್ಮನ್ನು ಎದ್ದು ನಿಲ್ಲಿಸಿ, ಇವರನ್ನು ನೋಡಿ, ಒಬ್ಬ ಗಂಡ, ಒಬ್ಬ ಹೆಂಡತಿ ಎಂದರು. ಕ್ರೈಸ್ತ ಸಂಸಾರದ ಮಾದರಿಯಾಗಿ ದಕ್ಷಿಣ ಕನ್ನಡದ ಒಂದು ಹಿಂದೂ ಜೋಡಿ ನಿಂತಿತು. ಮನೆಗೆ ಬಂದ ಮೇಲೆ ಪತ್ನಿ, "ನಿಮಗೆ ಸಂಬಳ ಪಾಠಕ್ಕೆ ಮಾತ್ರವೋ, ಗಂಡನಾಗಿರುವುದಕ್ಕೂ ಸೇರಿಯೋ ಕೇಳಿ ನೋಡಿ" ಎಂದಳು.

ಆ ಊರಿನಲ್ಲಿ ನಮಗೆ ದಕ್ಕಿದ ಸುಖವನ್ನೂ ಹೇಳಬೇಕು. ಅಕ್ರೊಪಾಂಗ್‌ನ ಸುತ್ತಮುತ್ತ ಮಾವಿನ ಮರಗಳಿವೆ. 1843ರ ಜಮೈಕದ ಕುಟುಂಬಗಳೇ ಅವನ್ನು ತಂದವು ಎನ್ನುತ್ತಾರೆ. ಜಮೈಕಕ್ಕೆ ಮಾವು ಹೋದದ್ದು 1782ರಲ್ಲಿ, ಬ್ರಿಟಿಷರು ವಶಪಡಿಸಿಕೊಂಡ ಒಂದು ಫ್ರೆಂಚ್ ಹಡಗಿನಿಂದ. ಅದರ ತವರು ನಮ್ಮದೇ ದಿಕ್ಕು. ಆ ಕುಟುಂಬಗಳು ಕೆಸುವಿನ ಜಾತಿಯ ಒಂದು ಗೆಡ್ಡೆಯನ್ನೂ ತಂದವು. ಇಂದು ಅದರ ಎಲೆ ಘಾನಾದ ನಿತ್ಯದ ಸೊಪ್ಪು, ಹೆಸರು ಕೊಂಟೊಮಿರೆ. ಎಲೆಯನ್ನು ಕಂಡೊಡನೆ ನನ್ನ ಪತ್ನಿ ಅಕ್ಕಿ ನೆನೆಹಾಕಿದಳು. ಹುಣಸೆಯ ಬದಲು ಲಿಂಬೆ, ಊರಿನ ಮೆಣಸಿನ ಬದಲು ಅಲ್ಲಿನ ಉರಿಮೆಣಸು. ಪತ್ರೊಡೆ ಆಯಿತು. ಸಹೋದ್ಯೋಗಿಗಳು ತಿಂದು, ತಮ್ಮ ಸೊಪ್ಪಿಗೆ ಇಂತಹ ಗತಿ ಬಂದದ್ದು ಇದೇ ಮೊದಲು ಎಂದರು. ಜೋಳದ ಹಿಟ್ಟನ್ನು ಹುಳಿಬರಿಸಿ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಕೆಂಕೆ ನಮಗೆ ಕಡುಬಿನ ದೂರದ ಬಂಧುವಿನಂತೆ ಕಂಡಿತು. ಫೂಫೂ ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ದೇಶ ಕುಸಿಯತೊಡಗಿತು. 1978ರಲ್ಲಿ ಡಾಲರಿಗೆ 2.75 ಸೇಡಿ ಎಂದು ಸರ್ಕಾರ ನಿಗದಿಪಡಿಸಿದ ದರ 1983ರವರೆಗೂ ಕಾಗದದಲ್ಲಿ ಹಾಗೆಯೇ ಇತ್ತು. ಕಾಳಸಂತೆಯಲ್ಲಿ ಅದರ ಹತ್ತಾರು ಪಟ್ಟು. 1979ರ ಮಾರ್ಚ್‌ನಲ್ಲಿ ಹಳೆಯ ನೋಟುಗಳನ್ನು ರದ್ದುಪಡಿಸಿ, ಐದು ಸಾವಿರದವರೆಗಿನ ಮೊತ್ತಕ್ಕೆ ಹತ್ತು ಹಳೆಯ ಸೇಡಿಗೆ ಏಳು ಹೊಸದು, ಅದಕ್ಕಿಂತ ಹೆಚ್ಚಿದ್ದರೆ ಹತ್ತಕ್ಕೆ ಐದು ಎಂದರು. 2016ರ ನವೆಂಬರ್‌ನಲ್ಲಿ ಇಲ್ಲಿ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಾಗ ನಮ್ಮಿಬ್ಬರಿಗೂ ಅದು ಎರಡನೆಯ ಅನುಭವ. ಶಿಕ್ಷಕರ ಸಂಬಳ ವಾರದ ಆಹಾರಕ್ಕೂ ಸಾಲದಾಯಿತು. ತೈಲದ ಹಣದಿಂದ ಹೊಳೆಯುತ್ತಿದ್ದ ನೈಜೀರಿಯ ಕರೆಯುತ್ತಿತ್ತು. ಘಾನಾದ ಶಿಕ್ಷಕರು ಸಾವಿರಗಟ್ಟಲೆ ಹೊರಟರು. ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿಯಾದವು.

1981ರಲ್ಲಿ ಮಗಳಿಗೆ ಹತ್ತು ವರ್ಷ. ಅವಳನ್ನು ಮಂಗಳೂರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದೆವು. ಹಾಲಿನ ಪುಡಿ ಸಿಗದ, ಮಲೇರಿಯದ ಮಾತ್ರೆ ಸಿಗದ ಊರಿನಲ್ಲಿ ಬೇರೆ ದಾರಿಯಿರಲಿಲ್ಲ ಎಂದು ಅನೇಕರು ಸಮಾಧಾನ ಹೇಳಿದರು. ಬಾಸೆಲ್ ಮಿಷನ್ 1853ರಲ್ಲೇ ಇದಕ್ಕೊಂದು ನಿಯಮ ಮಾಡಿತ್ತು. ಶಾಲೆಯ ವಯಸ್ಸಿಗೆ ಬಂದ ಮಿಷನರಿ ಮಕ್ಕಳನ್ನು ಬಾಸೆಲ್ಲಿನ ಮಕ್ಕಳ ಮನೆಗೆ ಕಳುಹಿಸಬೇಕು. ಆರೇಳು ವರ್ಷದ ಮಕ್ಕಳನ್ನು ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿಸಿದ ತಾಯಂದಿರು ಮರುದಿನ ಬೆಳಿಗ್ಗೆ ಬಲ್ಮಠದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಹೊಲಿಗೆಯ ಪಾಠ ಹೇಳಿದ್ದಾರೆ. ನಮ್ಮ ಅಜ್ಜಿ ಅಂತಹ ಒಂದು ಶಾಲೆಯಲ್ಲೇ ಅಕ್ಷರ ಕಲಿತವರು. ಕಲಿಸಿದ ದೊರೆಸಾನಿಯ ಕಣ್ಣು ಯಾವಾಗಲೂ ಕೆಂಪಾಗಿರುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಸೆಖೆಗೆ ಇರಬೇಕು ಎಂದು ಭಾವಿಸಿದ್ದರಂತೆ.

1983 ಬಂತು. ಮಳೆ ಕೈಕೊಟ್ಟಿತು. ಕಾಡಿನ ಬೆಂಕಿ ಕೋಕೋ ತೋಟಗಳನ್ನು ಸುಟ್ಟಿತು. ಆ ಜನವರಿಯಲ್ಲೇ ನೈಜೀರಿಯ ತನ್ನಲ್ಲಿದ್ದ ಸುಮಾರು ಹತ್ತು ಲಕ್ಷ ಘಾನಾದವರನ್ನು ಕೆಲವೇ ವಾರಗಳಲ್ಲಿ ಹೊರಹಾಕಿತ್ತು. ಉಣ್ಣುವ ಬಾಯಿ ಹೆಚ್ಚಿತು, ಅನ್ನವಿಲ್ಲ. ಜನರ ಕೊರಳೆಲುಬು ಎದ್ದು ಕಾಣುತ್ತಿತ್ತು. ಅದಕ್ಕೆ ಆಗಿನ ಸೈನಿಕ ಮುಖ್ಯಸ್ಥನ ಹೆಸರಿನಲ್ಲಿ "ರಾಲಿಂಗ್ಸ್ ಸರ" ಎಂದು ಕರೆದರು. ಹಸಿವಿನ ನಡುವೆಯೂ ನಗುವುದನ್ನು ಆ ಜನರಿಂದ ಕಲಿಯಬೇಕು. ವಸತಿ ಶಾಲೆಗಳು ಆಹಾರವಿಲ್ಲದೆ ಮಕ್ಕಳನ್ನು ಮನೆಗೆ ಕಳುಹಿಸತೊಡಗಿದವು. ನಮ್ಮ ಶಾಲೆಯೂ ಕೆಳಗಿನ ತರಗತಿಗಳನ್ನು ಕಳುಹಿಸಿತು. ಜೂನ್‌ನಲ್ಲಿ ಪರೀಕ್ಷೆ ಬರೆಯಬೇಕಿದ್ದ ಐದನೆಯ ಫಾರಮ್ಮಿನವರು ಮಾತ್ರ ಉಳಿದರು. ನನ್ನ ಒಪ್ಪಂದ ಮುಗಿದಿತ್ತು. ಟಿಕೆಟ್ ಕೈಯಲ್ಲಿತ್ತು.

ದಂಪತಿ ಎಂಬುದರ ತೂಕ ಆಗ ತಿಳಿಯಿತು. ಒಬ್ಬನೇ ಆಗಿದ್ದರೆ ನಾನು ಹೊರಟಿರುತ್ತಿದ್ದೆ. ಹಾಗೆ ಹೊರಟವರನ್ನು ನಾನು ಎಂದೂ ದೂಷಿಸಿಲ್ಲ. ನಾವು ಹೊರಟರೆ ಶಾಲೆಗೆ ಹೋಗುವುದು ಒಬ್ಬ ಶಿಕ್ಷಕನಲ್ಲ, ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ ಮೂರೂ ಒಟ್ಟಿಗೆ. ಮುಖ್ಯೋಪಾಧ್ಯಾಯರು ಸಂಜೆ ಮನೆಗೆ ಬಂದು ಏನೂ ಕೇಳದೆ ಒಂದು ಗಂಟೆ ಕುಳಿತು ಹೋದರು. ಆ ರಾತ್ರಿ ಪತ್ನಿ ಹೇಳಿದ ಮಾತು ಇಷ್ಟೇ: "ನನ್ನ ಹದಿನಾಲ್ಕು ಹುಡುಗಿಯರು ಪರೀಕ್ಷೆ ಬರೆಯಲಿ. ನೀವು ಬೇಕಾದರೆ ಮೊದಲು ಹೋಗಿ, ಮಗಳ ಹತ್ತಿರ ಯಾರಾದರೂ ಒಬ್ಬರು ಇರಬೇಕು." ಟಿಕೆಟ್ ನನ್ನ ಹೆಸರಿನ ಒಪ್ಪಂದದ್ದು, ಅವಳು ಅವಲಂಬಿತೆ. ನಾನು ಹೋದರೆ ಅವಳಿಗೆ ಆ ದೇಶದಲ್ಲಿ ಉಳಿಯುವ ಪರವಾನಗಿಯೇ ಇರುತ್ತಿರಲಿಲ್ಲ. ಹೀಗಾಗಿ ಇಬ್ಬರೂ ಉಳಿದೆವು. ಶಾಲೆಯ ತೋಟದ ಮರಗೆಣಸನ್ನು ತುರಿದು ಹುರಿದ ಗರಿ, ಪಾಮೆಣ್ಣೆ, ಸಿಕ್ಕ ದಿನ ಸೊಪ್ಪು. ಮೇಣದ ಬತ್ತಿಯೂ ಇಲ್ಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ಅವಳು ಹೃದಯದ ನಾಲ್ಕು ಕವಾಟಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹದಿನಾಲ್ವರಲ್ಲಿ ಹನ್ನೊಂದು ಮಂದಿ ಆ ವಿಷಯದಲ್ಲಿ ತೇರ್ಗಡೆಯಾದರು. ಮಂಗಳೂರಿನಲ್ಲಿ ಆ ವರ್ಷ ನಮ್ಮ ಮಗಳಿಗೆ ಟೈಫಾಯಿಡ್ ಬಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಮಗೆ ಪತ್ರ ತಲುಪಿದ್ದು ಅವಳು ಮನೆಗೆ ಬಂದು ಒಂದು ತಿಂಗಳಾದ ಮೇಲೆ.

ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ಯಾವುದು ಹೆಚ್ಚು ಎಂದು ಕೇಳುವವರಿದ್ದಾರೆ. ನಲವತ್ತು ವರ್ಷಗಳಿಂದ ನಾವಿಬ್ಬರೂ ಆ ಲೆಕ್ಕವನ್ನು ಮಾಡದೆ ಬದುಕಿದ್ದೇವೆ. ಮಗಳು ಮಾಡಿದ್ದಾಳೆ; ಅವಳ ಉತ್ತರ ಅವಳದು, ಅದನ್ನು ಪತ್ರಿಕೆಯಲ್ಲಿ ಬರೆಯುವ ಹಕ್ಕು ನನಗಿಲ್ಲ.

1984ರಲ್ಲಿ ಮರಳಿದೆವು. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪತ್ನಿ ಮೂವತ್ತೇಳನೆಯ ವಯಸ್ಸಿನಲ್ಲಿ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹೊಸ ನೇಮಕಾತಿಯಾಗಿ, ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿದಳು. ಅವಳ ನಿವೃತ್ತಿ ವೇತನದ ಲೆಕ್ಕದಲ್ಲಿ ಘಾನಾದ ಹತ್ತು ವರ್ಷ ಸೊನ್ನೆ.

ಕ್ಯಾಥರೀನಳ ವಿಷಯವನ್ನು ಅರ್ಧಕ್ಕೇ ಬಿಟ್ಟೆ. ಝಿಮ್ಮರ್‌ಮನ್ ಆರೋಗ್ಯ ಕೆಟ್ಟು ಕೊನೆಗೆ ಜರ್ಮನಿಗೆ ಹೋದ, 1876ರಲ್ಲಿ ಅಲ್ಲಿಯೇ ತೀರಿಕೊಂಡ. ಅವಳು ತಾನು ಶಾಲೆ ತೆರೆದ ಒಸುವಿಗೆ ಮರಳಿ, 1891ರಲ್ಲಿ ಕೊನೆಯುಸಿರೆಳೆದಳು. ಇಷ್ಟಾದರೂ ನಮಗೆ ತಿಳಿದಿರುವುದು ಬಾಸೆಲ್ಲಿನವರು ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಜೋಪಾನವಾಗಿ ಇಟ್ಟುಕೊಂಡದ್ದರಿಂದ. ಬಲ್ಮಠದ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಮಿಷನ್ ಕಾಲದ ಕಾಗದಗಳಿವೆ. ಆದರೆ ಇಲ್ಲಿಂದ ಆಫ್ರಿಕಕ್ಕೆ ಹೋದ ಶಿಕ್ಷಕ ದಂಪತಿಗಳ ಕಾಗದಗಳು ಮಂಗಳೂರು, ಉಡುಪಿ, ಧಾರವಾಡ, ಬೆಂಗಳೂರಿನ ಮನೆಗಳ ಅಟ್ಟಗಳಲ್ಲಿವೆ. ಬರೆದವರಿಗೆ ಈಗ ಎಂಬತ್ತು ದಾಟಿದೆ. ಯಾವುದಾದರೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳನ್ನು ಒಂದು ಧ್ವನಿಮುದ್ರಣ ಯಂತ್ರದೊಂದಿಗೆ ಹೊರಡಿಸಿದರೆ ಸಾಕು, ಮೂರು ವರ್ಷಗಳಲ್ಲಿ ಕೆಲಸವಾಗುತ್ತದೆ. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕೆಂಬುದು ನನ್ನ ಒಂದೇ ಸೂಚನೆ.

ನಮ್ಮ ಮನೆಯಲ್ಲಿ ನೀಲಿ ಏರೋಗ್ರಾಂಗಳ ಒಂದು ಕಟ್ಟು ಇದೆ, 1981ರಿಂದ 1984ರವರೆಗಿನದು. ಅದನ್ನು ಅಂತಹ ಸಂಗ್ರಹಕ್ಕೆ ಕೊಡೋಣ ಎಂದು ಈಚೆಗೆ ಸೂಚಿಸಿದೆ. ಪತ್ನಿ ಒಪ್ಪಿದಳು. ಮಗಳು ಒಪ್ಪಲಿಲ್ಲ. ಅವುಗಳಲ್ಲಿ ಅರ್ಧ ತಾನು ಬರೆದವು ಎಂದಳು.